ಮಾದರಿಯಾಗಿ ನಿಸರ್ಗ, ಗುರುವಾಗಿ ನಿಸರ್ಗ

ತಾವರೆ ಎಲೆಗೆ ನೀರು ಅಂಟುವುದಿಲ್ಲವೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಲೋಕದ ನಡುವೆ ಇದ್ದೂ ಕರ್ಮದ ಲೇಪವಿಲ್ಲದೆ ಬದುಕುವವನಿಗೆ ಭಗವದ್ಗೀತೆ ಕೊಡುವ ಹೋಲಿಕೆಯೂ ಅದೇ. 1970ರ ದಶಕದಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ ನೂರಾರು ಬಗೆಯ ಎಲೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಅವರಿಗೊಂದು ವಿಚಿತ್ರ ಕಂಡಿತು. ನುಣುಪಾದ ಎಲೆಗಳನ್ನು ತೊಳೆದೇ ನೋಡಬೇಕಾಗುತ್ತಿತ್ತು, ಒರಟು ಮೈಯ ಕೆಲವು ಎಲೆಗಳು ಮಾತ್ರ ತಾವಾಗಿಯೇ ಶುಭ್ರವಾಗಿರುತ್ತಿದ್ದವು. ಇವುಗಳಲ್ಲಿ ಎಲ್ಲಕ್ಕಿಂತ ಶುಭ್ರವಾದದ್ದು ತಾವರೆ. ಅದರ ಮೈತುಂಬ ಬರಿಗಣ್ಣಿಗೆ ಕಾಣದ ಉಬ್ಬುಗಳಿವೆ, ಆ ಉಬ್ಬುಗಳ ಮೇಲೆ ಮೇಣದ ಇನ್ನೂ ಸಣ್ಣ ಹರಳುಗಳಿವೆ. ನೀರಿನ ಹನಿ ಆ ತುದಿಗಳ ಮೇಲಷ್ಟೇ ಕೂತು, ಉರುಳುವಾಗ ಧೂಳನ್ನೂ ಹೊತ್ತುಕೊಂಡು ಹೋಗುತ್ತದೆ. ಈ ವಿವರಣೆ 1997ರಲ್ಲಿ ಪ್ರಕಟವಾಯಿತು. ಮಳೆ ಬಂದಾಗ ತಾನೇ ತೊಳೆದುಕೊಳ್ಳುವ ಗೋಡೆಯ ಬಣ್ಣ ಅದರ ಬೆನ್ನಿಗೇ ಮಾರುಕಟ್ಟೆಗೆ ಬಂತು.

ಎಲೆ ಒಂದೇ, ಅದರ ಮುಂದೆ ಇಟ್ಟ ಪ್ರಶ್ನೆಗಳು ಎರಡು. ಹೇಗೆ ಬದುಕಬೇಕು ಎಂದು ಗೀತೆ ಕೇಳಿತು. ಇದು ಹೇಗೆ ಕೆಲಸ ಮಾಡುತ್ತದೆ ಎಂದು ವಿಜ್ಞಾನ ಕೇಳಿತು. ಬಹುಕಾಲ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಈ ಎರಡು ಪ್ರಶ್ನೆಗಳನ್ನು ಒಂದೇ ಸೂರಿನಡಿ ತರಲು ಯತ್ನಿಸುವ ಚಿಂತನೆಯೊಂದಿದೆ. ಅದಕ್ಕೆ ಬಯೋಮಿಮಿಕ್ರಿ, ಅಂದರೆ ನಿಸರ್ಗಾನುಕರಣೆ ಎಂದು ಹೆಸರು. ತಂತ್ರಜ್ಞಾನದ ಪುಟಗಳಲ್ಲಿ ಅದರ ಸುದ್ದಿ ಆಗಾಗ ಬರುತ್ತದೆ. ಅದರೊಳಗಿನ ತತ್ತ್ವದ ಚರ್ಚೆ ನಡೆಯುವುದು ಕಡಿಮೆ.

ಮನುಷ್ಯನ ಕುಶಲತೆ ನಿಸರ್ಗವನ್ನು ಅನುಕರಿಸುತ್ತದೆ ಎಂಬ ಮಾತು ಹಳೆಯದು. ನೇಯ್ಗೆಯನ್ನು ಜೇಡದಿಂದಲೂ ಮನೆ ಕಟ್ಟುವುದನ್ನು ಹಕ್ಕಿಯಿಂದಲೂ ಕಲಿತೆವೆಂದು ಗ್ರೀಸಿನ ಡೆಮಾಕ್ರಿಟಸ್ ಹೇಳಿದ್ದನೆನ್ನುತ್ತಾರೆ. ಅರಿಸ್ಟಾಟಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಿಸರ್ಗ ಮುಗಿಸದೆ ಬಿಟ್ಟದ್ದನ್ನು ಕುಶಲತೆ ಪೂರ್ತಿ ಮಾಡುತ್ತದೆ ಎಂದ. ಅಮೆರಿಕದ ಲೇಖಕಿ ಜನೀನ್ ಬೆನ್ಯುಸ್ 1997ರಲ್ಲಿ ಬರೆದ ‘ಬಯೋಮಿಮಿಕ್ರಿ’ ಪುಸ್ತಕ ಈ ಹಳೆಯ ವಿಚಾರಕ್ಕೆ ಹೊಸ ಆಕಾರ ಕೊಟ್ಟಿತು. ಅವರ ಪ್ರಕಾರ ನಿಸರ್ಗ ನಮಗೆ ಮೂರು ರೀತಿಯಲ್ಲಿ ಎದುರಾಗಬಹುದು: ಮಾದರಿಯಾಗಿ, ಅಳತೆಗೋಲಾಗಿ, ಗುರುವಾಗಿ. ಒಂದನ್ನು ಒಪ್ಪಿದರೆ ಮಿಕ್ಕ ಎರಡನ್ನು ಒಪ್ಪಿದಂತಾಗುವುದಿಲ್ಲ. ಇಡೀ ವಿಚಾರದ ಜೀವ ಇರುವುದು ಇವುಗಳ ನಡುವಿನ ಅಂತರದಲ್ಲಿ ಎಂದು ನನ್ನ ನಂಬಿಕೆ.

ಮಾದರಿ ಎಂಬುದು ಇವುಗಳಲ್ಲಿ ಸುಲಭವಾದದ್ದು. ಜಪಾನಿನ ವೇಗದ ರೈಲು ಸುರಂಗದಿಂದ ಹೊರಬರುವಾಗ ಸಿಡಿಲಿನಂಥ ಸದ್ದಾಗುತ್ತಿತ್ತು. ಹಕ್ಕಿ ವೀಕ್ಷಣೆಯ ಹವ್ಯಾಸವಿದ್ದ ಎಂಜಿನಿಯರ್ ಏಜಿ ನಕತ್ಸು, ನೀರು ಚಿಮ್ಮಿಸದೆ ಧುಮುಕುವ ಮಿಂಚುಳ್ಳಿಯ ಕೊಕ್ಕಿನ ಆಕಾರವನ್ನು ರೈಲಿನ ಮೂತಿಗೆ ತಂದರು. 1997ರಲ್ಲಿ ಓಡಾಟ ಆರಂಭಿಸಿದ ಆ ರೈಲು ಸದ್ದನ್ನು ತಗ್ಗಿಸಿತು, ವಿದ್ಯುತ್ತನ್ನೂ ಉಳಿಸಿತು.

ಮಾದರಿ ಎಷ್ಟು ಸೂಕ್ಷ್ಮವಾದ ವಿಚಾರವೆಂದು ತಿಳಿಯಲು ಜಿಂಬಾಬ್ವೆಯ ರಾಜಧಾನಿ ಹರಾರೆಗೆ ಹೋಗಬೇಕು. ಅಲ್ಲಿನ ಈಸ್ಟ್‌ಗೇಟ್ ಸೆಂಟರ್ ಎಂಬ ಕಚೇರಿ-ಅಂಗಡಿಗಳ ಸಂಕೀರ್ಣ 1996ರಲ್ಲಿ ತೆರೆಯಿತು. ಅದರ ವಾಸ್ತುಶಿಲ್ಪಿ ಮಿಕ್ ಪಿಯರ್ಸ್. ಅದರಲ್ಲಿ ಸಾಮಾನ್ಯ ಏರ್ ಕಂಡೀಷನಿಂಗ್ ಇಲ್ಲ. ಹರಾರೆ ಎತ್ತರದ ಊರು, ಹಗಲು ಬೆಚ್ಚಗೆ, ರಾತ್ರಿ ತಂಪು. ಇಟ್ಟಿಗೆ-ಕಾಂಕ್ರೀಟಿನ ದಪ್ಪ ಮೈ ಹಗಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ರಾತ್ರಿ ಫ್ಯಾನುಗಳು ನೆಲದ ಪೊಳ್ಳುಗಳಲ್ಲಿ ತಂಪು ಗಾಳಿಯನ್ನು ಹಾಯಿಸಿ ಆ ಬಿಸಿಯನ್ನು ಚಿಮಣಿಗಳ ಮೂಲಕ ಹೊರಹಾಕುತ್ತವೆ. ಪಿಯರ್ಸ್‌ಗೆ ಸ್ಫೂರ್ತಿ ಕೊಟ್ಟದ್ದು ಆಫ್ರಿಕಾದ ಗೆದ್ದಲು ಹುತ್ತ. ಹುತ್ತದೊಳಗೆ ಗೂಡಿನ ಬಿಸಿಗಾಳಿ ಮೇಲೇರಿ, ಗೋಡೆಯಂಚಿನಲ್ಲಿ ತಣಿದು, ಮತ್ತೆ ಕೆಳಗಿಳಿದು ಸುತ್ತುತ್ತದೆ ಎಂದು ಮಾರ್ಟಿನ್ ಲೂಷರ್ ಎಂಬ ವಿಜ್ಞಾನಿ ಆ ಹೊತ್ತಿಗೆ ದಶಕಗಳ ಹಿಂದೆಯೇ ಹೇಳಿದ್ದರು. ಹುತ್ತವೆಂದರೆ ನಿಸರ್ಗದ ಏರ್ ಕಂಡೀಷನರ್ ಎಂಬ ಕಲ್ಪನೆ ಅಲ್ಲಿಂದ ಬೆಳೆಯಿತು.

ಮುಂದೆ ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ ನಮೀಬಿಯಾದ ಹುತ್ತಗಳನ್ನು ಅಳೆದು ನೋಡಿದರು. ಗೂಡಿನ ಉಷ್ಣತೆ ಸುತ್ತಲಿನ ಮಣ್ಣಿನ ಉಷ್ಣತೆಯ ಜೊತೆಗೇ ಏರಿಳಿಯುತ್ತಿತ್ತು, ಹುತ್ತ ಅದನ್ನು ಹಿಡಿದಿಡುತ್ತಿರಲಿಲ್ಲ. ಲೂಷರ್ ಹೇಳಿದ ಸುತ್ತುಗಾಳಿಯೂ ಅಲ್ಲಿರಲಿಲ್ಲ. ಹುತ್ತದ ಕೆಲಸ ಮುಖ್ಯವಾಗಿ ಉಸಿರಾಟ, ಅಂದರೆ ಹೊರಗಿನ ಗಾಳಿಯ ಏರಿಳಿತವನ್ನು ಬಳಸಿ ಒಳಗಿನ ಕೆಟ್ಟ ಗಾಳಿಯನ್ನು ಬದಲಿಸುವುದು ಎಂದು 2008ರಲ್ಲಿ ಅವರು ಬರೆದರು. ಉಸಿರಾಟ ಅಷ್ಟು ಮುಖ್ಯವಾಗಲು ಕಾರಣವಿದೆ. ಈ ಗೆದ್ದಲುಗಳು ಹುತ್ತದೊಳಗೆ ಶಿಲೀಂಧ್ರ ಬೆಳೆಸುತ್ತವೆ. ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಹುತ್ತದ ಮೇಲೇಳುವ, ಜನ ಆಸೆಯಿಂದ ಕಿತ್ತು ತಂದು ಸಾರು ಮಾಡುವ ಅಣಬೆ ಅದೇ ಕೃಷಿಯ ಫಲ. ಗೆದ್ದಲೂ ಉಸಿರಾಡಬೇಕು, ಅದರ ಬೆಳೆಯೂ ಉಸಿರಾಡಬೇಕು. ನಮ್ಮ ಹೊಲದ ಬದುಗಳಲ್ಲಿ ಹುತ್ತ ಕಟ್ಟುವ ಓಡಾಂಟೊಟರ್ಮಿಸ್ ಒಬೆಸಸ್ ಎಂಬ ಜಾತಿಯ ಬಗ್ಗೆ ಎಲ್. ಮಹಾದೇವನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಬಗೆಯನ್ನು ತೋರಿಸಿತು. ಹಗಲು ಹುತ್ತದ ಹೊರಮೈಯ ಏಣುಗಳು ಬೇಗ ಕಾಯುತ್ತವೆ, ಅಲ್ಲಿ ಗಾಳಿ ಮೇಲೇರುತ್ತದೆ, ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಈ ಹರಿವು ತಿರುಗುಮುರುಗು. ಹಗಲಿರುಳಿನ ಉಷ್ಣತೆಯ ವ್ಯತ್ಯಾಸವೇ ಹುತ್ತದ ಉಸಿರನ್ನು ನಡೆಸುತ್ತದೆ.

ಹಾಗಾದರೆ ಪಿಯರ್ಸ್ ಅನುಕರಿಸಿದ್ದು ಏನನ್ನು? ಹುತ್ತದ ಬಗ್ಗೆ ಆ ಕಾಲಕ್ಕೆ ಇದ್ದ ತಿಳಿವಳಿಕೆಯನ್ನು. ಆ ತಿಳಿವಳಿಕೆ ಪೂರ್ತಿ ಸರಿಯಿರಲಿಲ್ಲ, ಕಟ್ಟಡ ಮಾತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಇದನ್ನು ಕೆಲವರು ಬಯೋಮಿಮಿಕ್ರಿಯ ಸೋಲೆಂದು ಬರೆಯುತ್ತಾರೆ. ನಾನು ಅದನ್ನು ಒಪ್ಪಲಾರೆ. ನಿಸರ್ಗ ತನ್ನ ನಕ್ಷೆಯನ್ನು ಯಾರ ಕೈಗೂ ಕೊಡುವುದಿಲ್ಲ. ನೋಡುವವನು ಪ್ರಶ್ನೆ ಕೇಳಬೇಕು, ಊಹಿಸಬೇಕು, ಅಳೆಯಬೇಕು, ಊಹೆಯನ್ನು ತಿದ್ದಿಕೊಳ್ಳಬೇಕು. ಕಚೇರಿಯಲ್ಲಿ ಕೂತವರ ಸೆಕೆ ಹೇಗೆ ಕಳೆಯಬೇಕೆಂಬ ಪ್ರಶ್ನೆ ಮನುಷ್ಯನದು, ಗೆದ್ದಲಿನದಲ್ಲ. ಆದ್ದರಿಂದ ಮಾದರಿಯನ್ನು ಆರಿಸಿಕೊಳ್ಳುವಾಗಲೇ ನಮ್ಮ ಅಗತ್ಯ, ನಮ್ಮ ಕಾಲದ ಕಲ್ಪನೆಗಳು ಅದರೊಳಗೆ ಬೆರೆತಿರುತ್ತವೆ.

ಎರಡನೆಯದು ಅಳತೆಗೋಲು. ಭೂಮಿಯ ಮೇಲೆ ಜೀವ ಸುಮಾರು 380 ಕೋಟಿ ವರ್ಷಗಳಿಂದ ನಡೆದುಬಂದಿದೆ. ಇಷ್ಟು ಕಾಲದಲ್ಲಿ ಯಾವುದು ಬಾಳುತ್ತದೆ, ಯಾವುದು ಅಳಿಯುತ್ತದೆ ಎಂಬುದರ ಪರೀಕ್ಷೆ ನಡೆದುಹೋಗಿದೆ, ನಮ್ಮ ವಸ್ತುಗಳನ್ನು ಆ ಪರೀಕ್ಷೆಗೆ ಒಡ್ಡಿ ನೋಡೋಣ ಎನ್ನುತ್ತಾರೆ ಬೆನ್ಯುಸ್. ಇಲ್ಲಿ ಅನೇಕ ಪ್ರಸಿದ್ಧ ಅನುಕರಣೆಗಳು ಫೇಲಾಗುತ್ತವೆ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿಯ ಕೊಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವೆಲ್ಕ್ರೋ ಕಂಡುಹಿಡಿದ ಕಥೆ ಶಾಲಾ ಮಕ್ಕಳಿಗೂ ಗೊತ್ತು. ಮುಳ್ಳುಕಾಯಿ ಒಂದೆರಡು ಮಳೆಗೆ ಕೊಳೆತು ಮಣ್ಣಾಗುತ್ತದೆ. ನೈಲಾನಿನ ವೆಲ್ಕ್ರೋ ಹಾಗಾಗುವುದಿಲ್ಲ. ಆಕಾರ ಬಂತು, ಆಯುಷ್ಯದ ಕ್ರಮ ಬರಲಿಲ್ಲ.

ಜೇಡನ ನೂಲಿನಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಗುಂಡು ನಿರೋಧಕ ಅಂಗಿಗೆ ಬಳಸುವ ಕೆವ್ಲಾರ್ ಎಳೆಯನ್ನು ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ ಮಾಡುತ್ತಾರೆ, ಗಾಢ ಗಂಧಕಾಮ್ಲದಲ್ಲಿ ಕರಗಿಸಿ ಎಳೆ ತೆಗೆಯುತ್ತಾರೆ. ಜೇಡ ತಾನು ತಿಂದ ನೊಣದ ಸತ್ವದಿಂದ, ತನ್ನ ಮೈಯ ನೀರಿನಲ್ಲೇ, ಸುತ್ತಲಿನ ಉಷ್ಣತೆಯಲ್ಲೇ ಅಚ್ಚರಿಯ ಗಟ್ಟಿತನದ ನೂಲನ್ನು ತೆಗೆಯುತ್ತದೆ. ಚಕ್ರಾಕಾರದ ಬಲೆ ನೇಯುವ ಎಷ್ಟೋ ಜೇಡಗಳು ಹಳೆಯ ಬಲೆಯನ್ನು ತಿಂದು, ಅದೇ ಸತ್ವದಿಂದ ಹೊಸದನ್ನು ನೇಯುತ್ತವೆ. ಅಕ್ಷರಬ್ರಹ್ಮದಿಂದ ಜಗತ್ತು ಹೊಮ್ಮುವುದನ್ನು ವಿವರಿಸುವಾಗ ಮುಂಡಕೋಪನಿಷತ್ತು ತೆಗೆದುಕೊಂಡ ದೃಷ್ಟಾಂತವೂ ನೂಲನ್ನು ಹೊರಬಿಟ್ಟು ಒಳಕ್ಕೆಳೆದುಕೊಳ್ಳುವ ಜೇಡವೇ. ಋಷಿಯ ಉದ್ದೇಶ ಬೇರೆ. ಅಲ್ಲಿ ಪಾಲಿಮರ್ ವಿಜ್ಞಾನವನ್ನು ಹುಡುಕುವುದು ಉಪನಿಷತ್ತಿಗೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಆದರೆ ಹೊರಬಿಡುವುದು, ಮರಳಿ ತೆಗೆದುಕೊಳ್ಳುವುದು ಎರಡನ್ನೂ ಸೇರಿಸಿಯೇ ಸೃಷ್ಟಿ ಎನ್ನಬೇಕೆಂಬ ನೋಟ ಅಲ್ಲಿದೆ. ನಮ್ಮ ಕಾರ್ಖಾನೆಗಳು ಈವರೆಗೆ ಕಲಿತಿರುವುದು ಹೊರಬಿಡುವುದನ್ನು ಮಾತ್ರ.

ಈ ಅಳತೆಗೋಲಿಗೆ ತತ್ತ್ವಶಾಸ್ತ್ರದಲ್ಲಿ ಬಲವಾದ ಆಕ್ಷೇಪವೊಂದಿದೆ. ಜಾನ್ ಸ್ಟುವರ್ಟ್ ಮಿಲ್ ತೀರಿಕೊಂಡ ಮರುವರ್ಷ, 1874ರಲ್ಲಿ, ನಿಸರ್ಗವನ್ನು ಕುರಿತ ಅವನ ಪ್ರಬಂಧ ಪ್ರಕಟವಾಯಿತು. ನಿಸರ್ಗವೆಂದರೆ ಇರುವುದೆಲ್ಲವೂ ಎಂದಾದರೆ ನಾವು ಏನು ಮಾಡಿದರೂ ಅದು ನಿಸರ್ಗವೇ, ಅದನ್ನು ಅನುಸರಿಸಿ ಎಂಬ ಉಪದೇಶಕ್ಕೆ ಅರ್ಥವಿಲ್ಲ. ಮನುಷ್ಯನ ಕೈ ಸೋಕದೆ ನಡೆಯುವುದಷ್ಟೇ ನಿಸರ್ಗ ಎಂದಾದರೆ ಅದನ್ನು ಅನುಸರಿಸುವುದು ಘೋರ, ಏಕೆಂದರೆ ಬಿರುಗಾಳಿ, ಬರ, ರೋಗಗಳು ಪ್ರತಿದಿನ ಮಾಡುವುದನ್ನು ಮನುಷ್ಯ ಮಾಡಿದರೆ ಗಲ್ಲಿಗೇರಿಸುತ್ತೇವೆ. ಇದು ಅವನ ವಾದ. ಜೀವಂತ ಕಂಬಳಿಹುಳುವಿನೊಳಗೆ ಮೊಟ್ಟೆಯಿಟ್ಟು ಮರಿಗಳಿಗೆ ಅದನ್ನೇ ಉಣಿಸುವ ಕಣಜಗಳನ್ನು ಕಂಡು, ದಯಾಮಯನಾದ ದೇವರು ಇದನ್ನು ಉದ್ದೇಶಪೂರ್ವಕ ಸೃಷ್ಟಿಸಿರಲಾರ ಎಂದು ಡಾರ್ವಿನ್ 1860ರಲ್ಲೇ ಗೆಳೆಯನಿಗೆ ಪತ್ರ ಬರೆದಿದ್ದ. ಇರುವುದರಿಂದ ಇರಬೇಕಾದದ್ದನ್ನು ನೇರವಾಗಿ ತೆಗೆಯಲಾಗದು ಎಂಬ ಡೇವಿಡ್ ಹ್ಯೂಮನ ಎಚ್ಚರಿಕೆ ಇನ್ನೂ ಹಿಂದಿನದು. ಜೊತೆಗೆ ವಿಕಾಸವು ಅತ್ಯುತ್ತಮವಾದದ್ದನ್ನು ಹುಡುಕುವುದಿಲ್ಲ, ಸದ್ಯಕ್ಕೆ ಸಾಕಾಗುವುದನ್ನು ಉಳಿಸಿಕೊಳ್ಳುತ್ತದೆ. ನಮ್ಮ ಕಣ್ಣಿನಲ್ಲೇ ಒಂದು ಕುರುಡು ಚುಕ್ಕೆ ಇದೆ.

ಮಿಲ್‌ನ ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಅದು ನಿಸರ್ಗವನ್ನು ಒಡೆಯನೆಂದು ಭಾವಿಸುವವರಿಗೆ ಸರಿಯಾಗಿ ತಾಗುತ್ತದೆ. ಗುರುವೆಂದು ಭಾವಿಸುವವರ ದಾರಿ ಬೇರೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನೊಬ್ಬ ಯದುರಾಜನಿಗೆ ತನ್ನ 24 ಗುರುಗಳ ಕಥೆ ಹೇಳುತ್ತಾನೆ. ಭೂಮಿ, ಗಾಳಿ, ನೀರು, ಸಮುದ್ರ, ಹೆಬ್ಬಾವು, ಪತಂಗ, ಜೇಡ, ಹೀಗೆ ಹೆಚ್ಚಿನವು ನಿಸರ್ಗದವೇ. ಆ ಪಟ್ಟಿಯ ಸೊಗಸೆಂದರೆ, ಅವಧೂತ ಎಲ್ಲ ಗುರುಗಳನ್ನೂ ಅನುಕರಿಸುವುದಿಲ್ಲ. ಭೂಮಿಯಿಂದ ಸಹನೆಯನ್ನು ತೆಗೆದುಕೊಳ್ಳುತ್ತಾನೆ. ಮರಿಗಳ ಮೇಲಿನ ಮೋಹದಿಂದ ತಾನೇ ಬಲೆಗೆ ಬೀಳುವ ಪಾರಿವಾಳದಿಂದ, ದೀಪಕ್ಕೆ ಬೀಳುವ ಪತಂಗದಿಂದ ಏನು ಮಾಡಬಾರದೆಂದು ಕಲಿಯುತ್ತಾನೆ. ದುಂಬಿ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಹೂವಿಗೆ ನೋವಾಗದಂತೆ ಅಲ್ಲಿಷ್ಟು ಇಲ್ಲಿಷ್ಟು ತೆಗೆದುಕೊಳ್ಳುವ ಅದರ ಗುಣ ಬೇಕು, ಕೂಡಿಡುವ ಗುಣ ಬೇಡ. ಒಂದೇ ಜೀವಿಯಲ್ಲಿ ಕೊಳ್ಳುವುದನ್ನೂ ಬಿಡುವುದನ್ನೂ ಬೇರ್ಪಡಿಸುವ ಈ ವಿವೇಕ ದುಂಬಿಯದಲ್ಲ, ಶಿಷ್ಯನದು. ಇಂಥ ಗುರು ಆಜ್ಞೆ ಮಾಡುವುದಿಲ್ಲ. ಏನನ್ನು ಕಲಿತೆ, ಏಕೆ ಕಲಿತೆ ಎಂಬುದಕ್ಕೆ ಶಿಷ್ಯನೇ ಉತ್ತರಿಸಬೇಕು.

ಮಾದರಿ ಮತ್ತು ಅಳತೆಗಳ ಆಚೆ ಈ ಮೂರನೆಯದು ಏಕೆ ಬೇಕು ಎಂಬುದಕ್ಕೆ ಪಶ್ಚಿಮ ಘಟ್ಟದಲ್ಲೇ ಒಂದು ನಿದರ್ಶನವಿದೆ. ಪುಣೆಯ ಹತ್ತಿರದ ಬೆಟ್ಟಗಳಲ್ಲಿ ಲವಾಸಾ ಎಂಬ ಹೊಸ ನಗರವನ್ನು ರೂಪಿಸಿದಾಗ ವಿನ್ಯಾಸಕಾರರು ಬಯೋಮಿಮಿಕ್ರಿ ತಜ್ಞರ ನೆರವು ಪಡೆದರು. ಅವರ ಕೆಲಸ ಶ್ರದ್ಧೆಯದು. ಮುಂಗಾರಿನ ಹೊಡೆತದಲ್ಲಿ ಎಲೆ ನೀರನ್ನು ಹೇಗೆ ಜಾರಿಸುತ್ತದೆ, ಇರುವೆಗಳು ಗೂಡಿನ ಸುತ್ತ ನೀರನ್ನು ಹೇಗೆ ತಿರುಗಿಸುತ್ತವೆ ಎಂದು ನೋಡಿ ಚಾವಣಿ ಮತ್ತು ಚರಂಡಿಗಳ ಯೋಚನೆ ಮಾಡಿದರು. ಅಳತೆಯನ್ನೂ ಮರೆಯಲಿಲ್ಲ. ಅಲ್ಲಿದ್ದ ಕಾಡು ಎಷ್ಟು ನೀರನ್ನು ಹಿಡಿದಿಡುತ್ತದೆ, ಎಷ್ಟನ್ನು ಆವಿಯಾಗಿ ಮರಳಿ ಕೊಡುತ್ತದೆ ಎಂದು ಲೆಕ್ಕ ಹಾಕಿ ನಗರವೂ ಅಷ್ಟೇ ಮಾಡಬೇಕೆಂಬ ಗುರಿ ಇಟ್ಟುಕೊಂಡರು. ನಗರ ವಿನ್ಯಾಸದಲ್ಲಿ ಇದು ನಿಜಕ್ಕೂ ದೊಡ್ಡ ಹೆಜ್ಜೆ, ಇಂದು ಬೇರೆ ನಗರಗಳೂ ಕಲಿಯಬೇಕಾದ ವಿಧಾನ.

ಆದರೆ 2010ರ ನವೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಯೋಜನೆಗೆ ಕೇಂದ್ರದ ಪರಿಸರ ಅನುಮತಿ ಇಲ್ಲವೆಂದು ಕೆಲಸ ನಿಲ್ಲಿಸಲು ಸೂಚಿಸಿತು. ಬೆಟ್ಟ ಕಡಿದ ಬಗೆ, ಅಲ್ಲಿನ ಜನರ ಭೂಮಿ, ಕಣಿವೆಯ ನೀರು ಎಲ್ಲವೂ ವಿವಾದಕ್ಕೆ ಬಂದವು. ಮರುವರ್ಷ ಷರತ್ತುಗಳೊಂದಿಗೆ ಮೊದಲ ಹಂತಕ್ಕೆ ಅನುಮತಿ ಸಿಕ್ಕಿತು. 2018ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ವಿನ್ಯಾಸದ ಕಾಗದದಲ್ಲಿ ಮಾದರಿಯೂ ಇತ್ತು, ಅಳತೆಯೂ ಇತ್ತು. ಆ ಇಳಿಜಾರಿನಲ್ಲಿ ನಗರ ಕಟ್ಟಬೇಕೇ, ಕಟ್ಟುವುದಾದರೆ ಎಷ್ಟು, ಯಾರನ್ನು ಕೇಳಿ ಎಂಬ ಪ್ರಶ್ನೆಗಳು ತಜ್ಞರ ಮೇಜಿಗೆ ಬರುವ ಮೊದಲೇ ತೀರ್ಮಾನವಾಗಿದ್ದವು. ಅವಧೂತ ದುಂಬಿಯ ಮುಂದೆ ಕುಳಿತು ಕೇಳಿದ್ದು ಆ ಪ್ರಶ್ನೆಗಳನ್ನೇ: ಎಷ್ಟು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು.