ವರವೂ ದುಡಿಮೆಯೂ

ಮನುಷ್ಯನು ತನಗೆ ಒಗ್ಗುವ ಕೆಲಸವನ್ನು ಬಯಸುವದು ಯೋಗ್ಯವೋ, ಕೊಟ್ಟ ಕೆಲಸವನ್ನು ಮರುಮಾತಿಲ್ಲದೆ ಮಾಡುವದೇ ಧರ್ಮವೋ ಎಂಬ ಪ್ರಶ್ನೆಯು ನಮ್ಮ ಮನೆಗಳಲ್ಲಿ ಆಗಾಗ್ಗೆ ಏಳುತ್ತದೆ. ದುಡಿಮೆಯಲ್ಲಿ ಆರಿಸಿಕೊಳ್ಳುವದು ಗರ್ವದ ಲಕ್ಷಣವೆಂದು ಕೆಲವು ಹಿರಿಯರು ಹೇಳುತ್ತಾರೆ. ಮನಸ್ಸಿಲ್ಲದ ಕೈಯಿಂದ ಕೆಲಸವು ಕೆಡುತ್ತದೆಂದು ಯೌವನಸ್ಥರು ಉತ್ತರ ಕೊಡುತ್ತಾರೆ. ಇದನ್ನು ದೇವರ ವಾಕ್ಯದ ಬೆಳಕಿನಲ್ಲಿ ವಿಚಾರಿಸೋಣ.

ಮೊದಲು ಕಣ್ಣೆದುರಿಗಿರುವದನ್ನು ನೋಡೋಣ. ಬೆಟಗೇರಿಯ ಕೈಮಗ್ಗದ ಮನೆಯಲ್ಲಿ ಒಂದು ಸೀರೆಯು ಒಬ್ಬನ ಕೈಯಿಂದಲೇ ಆಗುವದಿಲ್ಲ. ಕಂಡಿಕೆ ಸುತ್ತುವವರು ಬೇರೆ, ಹಾಸಿನ ಎಳೆಗಳನ್ನು ಒಂದೊಂದಾಗಿ ಜೋಡಿಸುವವರು ಬೇರೆ, ಲಾಳಿ ಹೊಡೆಯುವವನು ಬೇರೆ. ಎಳೆ ಜೋಡಿಸುವದಕ್ಕೆ ತಾಳ್ಮೆ ಬೇಕು. ಲಾಳಿಗೆ ಸಮನಾದ ಲಯ ಬೇಕು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಎರೆಹೊಲಗಳಲ್ಲಿ ಕೂರಿಗೆಯಿಂದ ಬಿತ್ತುವಾಗಲೂ ಹಾಗೆಯೇ. ಎತ್ತು ಹೊಡೆಯುವವನ ಬಲವು ಒಂದು, ಬೀಜ ಬಿಡುವವಳ ಕೈಯ ಹದವು ಮತ್ತೊಂದು. ಇವರನ್ನು ಅದಲುಬದಲು ಮಾಡಿದರೆ ಮೊಳೆತ ಸಾಲುಗಳೇ ತಪ್ಪನ್ನು ಹೇಳುತ್ತವೆ.

ಈ ಭೇದವು ಅಕಸ್ಮಾತ್ತಾಗಿ ಬಂದದ್ದಲ್ಲ. ದೇವರು ಬೆಚಲೇಲನನ್ನು ತನ್ನ ಆತ್ಮದಿಂದ ತುಂಬಿಸಿದ್ದು ಪ್ರಸಂಗ ಮಾಡುವದಕ್ಕಲ್ಲ, ಚಿನ್ನ, ಬೆಳ್ಳಿ, ಮರ, ರತ್ನಗಳ ಕೆಲಸಕ್ಕಾಗಿ. ನೇಯ್ಗೆಯ ಜಾಣ್ಮೆಯನ್ನು ಸಹ ವಿಮೋಚನಕಾಂಡವು ದೇವರ ದಾನವೆಂದು ಎಣಿಸುತ್ತದೆ. ಹಾಗಾದರೆ ವರವನ್ನು ಕೆಲಸಕ್ಕೆ ಹಚ್ಚುವದು ಬರೇ ಸ್ವಂತ ಸಂತೋಷವಲ್ಲ. ಕೊಟ್ಟಾತನಿಗೆ ಲೆಕ್ಕ ಒಪ್ಪಿಸುವದಾಗಿದೆ. ತಲಾಂತನ್ನು ಹೂಳಿಟ್ಟ ಆಳು ಕದ್ದವನಲ್ಲ, ಕಳೆದವನೂ ಅಲ್ಲ. ಬಳಸದೆ ಹೋದದ್ದೇ ಅವನ ಅಪರಾಧವು.

ವರವನ್ನು ಗುರುತಿಸುವವರೂ ಬೇಕು. ಅಂಧರಾದ ಪಂಚಾಕ್ಷರ ಗವಾಯಿಗಳಲ್ಲಿ (1892–1944) ಹಾನಗಲ್ಲ ಕುಮಾರಸ್ವಾಮಿಗಳು ಇಲ್ಲದ ಕಣ್ಣನ್ನು ಎಣಿಸದೆ, ಇದ್ದ ಕಂಠವನ್ನು ಕಂಡು ಸಂಗೀತ ಕಲಿಯುವಂತೆ ಮಾಡಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅನೇಕ ಅಂಧ ಬಾಲಕರಿಗೆ ಅದೇ ವಿದ್ಯೆಯನ್ನು ಕೊಟ್ಟರು. ಅವರ ಮತವು ನಮ್ಮದಲ್ಲವಾದರೂ ಈ ಪಾಠವನ್ನು ಕೃತಜ್ಞತೆಯಿಂದ ಕಲಿಯತಕ್ಕದ್ದು. ಬಾಸೆಲ್ ಮಿಶನ್ನಿನ ಚರಿತ್ರೆಯಲ್ಲಿಯೂ ಇಂಥದು ಉಂಟು. 1851ರಲ್ಲಿ ಮಂಗಳೂರಿನ ಅಚ್ಚುಕೂಟಕ್ಕಾಗಿ ಬಂದ ಜಾರ್ಜ್ ಪ್ಲೆಬ್ಸ್ಟ್ ಸಾಹೇಬರು ಯಂತ್ರ ಬಲ್ಲವರು. ಅವರು ಆ ಜ್ಞಾನವನ್ನು ಜೇಡಿಮಣ್ಣಿಗೆ ಹಚ್ಚಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದರಿಂದ, ಕ್ರೈಸ್ತರಾಗಿ ಕುಲಕಸುಬು ಕಳಕೊಂಡವರಿಗೆ ಅನ್ನದ ದಾರಿಯಾಯಿತು.

ಆದರೆ ಎಚ್ಚರಿಕೆ ಬೇಕು. ವರವು ಕುಲದೊಂದಿಗೆ ಹುಟ್ಟಿ ಬರುವದಲ್ಲ. ನೇಕಾರನ ಮಗನು ನೇಯಲೇಬೇಕೆಂಬ ನೊಗವು ಸುವಾರ್ತೆಯದಲ್ಲ. ಚೆನ್ನಾಗಿ ಮಾಡುತ್ತಾನೆಂದು ಒಬ್ಬನ ಮೇಲೆಯೇ ಎಲ್ಲ ಹೊರೆ ಹಾಕುವದು ವರವನ್ನು ಗೌರವಿಸುವದಲ್ಲ, ಸುಲಿಯುವದು. ಇನ್ನು, ಯಾರ ವರವೂ ಅಲ್ಲವೆಂದು ತೋರುವ ಕೆಲಸಗಳಿವೆ: ಕಸ ಗುಡಿಸುವದು, ರೋಗಿಯ ಬಟ್ಟೆ ಒಗೆಯುವದು. 'ಇದು ನನ್ನ ವರವಲ್ಲ' ಎಂದು ಅವನ್ನು ಬಡವನ ಮೇಲೆ ಹೊರಿಸಿ ನುಣುಚಿಕೊಳ್ಳುವವನು ವರವನ್ನೇ ವಿಗ್ರಹ ಮಾಡಿಕೊಂಡಿದ್ದಾನೆ. ಊಟ ಬಡಿಸುವ ಸೇವೆಗೂ ಅಪೊಸ್ತಲರು ಪವಿತ್ರಾತ್ಮಭರಿತರನ್ನೇ ಹುಡುಕಿಸಿದರು. ಕರ್ತನು ತಾನೇ ಶಿಷ್ಯರ ಕಾಲುಗಳನ್ನು ತೊಳೆದನು. ಆದಕಾರಣ ಅಂಥ ಕೆಲಸವು ಸರತಿಯಿಂದ ಎಲ್ಲರ ಪಾಲಿಗೂ ಬರಲಿ.

ಯಜಮಾನರೇ, ಆಳಿನ ಕೊರತೆಯನ್ನು ಬೈಯುವ ಮುಂಚೆ ಅವನ ಬಲವು ಯಾವದೆಂದು ವಿಚಾರಿಸಿರಿ. ತಂದೆತಾಯಿಗಳೇ, ನೆರೆಯವರ ಮಗನನ್ನು ಅಳತೆಗೋಲು ಮಾಡದೆ ನಿಮ್ಮ ಮಗುವಿನ ಕೈ ಯಾವದರಲ್ಲಿ ದಣಿಯುವದಿಲ್ಲವೆಂದು ನೋಡಿರಿ. ದುಡಿಯುವವರೇ, ನಿಮ್ಮ ವರದಲ್ಲಿ ಶ್ರದ್ಧೆಯಿಂದಲೂ ವರವಿಲ್ಲದಲ್ಲಿ ಪ್ರೀತಿಯಿಂದಲೂ ಕೆಲಸಮಾಡಿರಿ. ಎರಡಕ್ಕೂ ಬೇಕಾದ ಕೃಪೆಯನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ.