ಎಳ್ಳಮಾವಾಸ್ಯೆಯ ಹೊಲದಲ್ಲಿ ನಮ್ಮ ಸಾಕ್ಷಿ

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 14ನೆಯ ಅಧ್ಯಾಯ, 8ರಿಂದ 20ರ ವರೆಗಿನ ವಚನಗಳು.



ಬೇಮಳಖೇಡ, ಹುಮನಾಬಾದ, ಕಲ್ಯಾಣಗಳ ಸುತ್ತಲ ಹಳ್ಳಿಗಳಲ್ಲಿ ವಾಸಿಸುವ ನಮಗೆ ಎಳ್ಳಮಾವಾಸ್ಯೆಯೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕ್ರಿಸ್ತಜಯಂತಿಯ ಆಸುಪಾಸಿನಲ್ಲಿಯೇ ಅದು ಬರುತ್ತದೆ. ನೆರೆಯವರು ಕುಟುಂಬಸಮೇತ ಹೊಲಕ್ಕೆ ಹೋಗಿ, ಜೋಳದ ದಂಟಿನ ಕೊಂಪೆಯೊಳಗೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯಲ್ಲೆಲ್ಲಾ ಚರಗ ಚೆಲ್ಲಿ, ಬಳಿಕ ಭಜ್ಜಿ, ಸಜ್ಜೆರೊಟ್ಟಿ, ಅಂಬಲಿಗಳನ್ನು ಬಂದವರಿಗೆಲ್ಲಾ ಬಡಿಸುವರು. ನಮ್ಮನ್ನೂ ಕರೆಯುವರು, ಪ್ರೀತಿಯಿಂದಲೇ ಕರೆಯುವರು. ನಮ್ಮ ಹಿರಿಯರನ್ನು ದೂರ ಕೂಡಿಸಿ ಮೇಲಿನಿಂದ ನೀಡುತ್ತಿದ್ದ ಮನೆಯವರೇ ಈಗ ಸಾಲಿನಲ್ಲಿ ಕೂಡಿಸಿಕೊಂಡು ಉಣಿಸುವುದಾದರೆ, ಆ ಕರೆಯನ್ನು ತಳ್ಳಿಬಿಡುವುದು ಸುಲಭವೇ?

ಆದರೆ ಪೂಜೆಯ ಹೊತ್ತಿಗೆ ಎಲ್ಲರೂ ಕೈಮುಗಿಯುವಾಗ ನಮ್ಮ ಕೈಗಳು ಸುಮ್ಮನಿರುವವು. ಯಾರೋ ಒಬ್ಬರು, “ಯಾಕಪಾ, ನೀ ಕೈ ಮುಗೀಲಿಲ್ಲ?” ಎಂದು ಕೇಳಿಬಿಡುವರು. ಎಲ್ಲರ ಕಣ್ಣುಗಳೂ ನಮ್ಮ ಕಡೆಗೆ ತಿರುಗುವವು, ಬಾಯಿ ಒಣಗುವದು.

ಈ ಪೇಚಿಗೆ ಅಂಜಿ ನಮ್ಮಲ್ಲಿ ಕೆಲವರು ಆ ದಿನ ಹೊತ್ತು ಮೂಡುವ ಮುಂಚೆಯೇ ಬೀದರಿಗೋ ಜಹೀರಾಬಾದಿಗೋ ಹೊರಟುಬಿಡುತ್ತಾರೆ. ಕೆಲವರು ಎಲ್ಲರಂತೆ ಕೈಮುಗಿದು ಉಂಡು, ಭಾನುವಾರ ಅದು ಉಪದೇಶಿಯ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತಾರೆ. ಮತ್ತೆ ಕೆಲವರು ಆ ಕಲ್ಲುಗಳನ್ನು ಜರೆದು ಜಗಳ ಹತ್ತಿಸಿ ಬರುತ್ತಾರೆ. ಇವರಲ್ಲಿ ಧೈರ್ಯವುಂಟು, ಪ್ರೀತಿ ಸಾಲದು.

ಲುಸ್ತ್ರ ಊರಿನಲ್ಲಿ ಪೌಲನಿಗೂ ಬಾರ್ನಬನಿಗೂ ಇದಕ್ಕಿಂತ ದೊಡ್ಡ ಪೇಚು ಒದಗಿತು. ಹುಟ್ಟುಕುಂಟನು ಎದ್ದು ನಡೆದದ್ದನ್ನು ಕಂಡು ಜನರು ಬಾರ್ನಬನನ್ನು ದ್ಯೌಸ್ ಎಂತಲೂ ಪೌಲನನ್ನು ಹೆರ್ಮೆ ಎಂತಲೂ ಕರೆದು, ಎತ್ತುಗಳನ್ನೂ ಹೂವಿನ ಹಾರಗಳನ್ನೂ ತಂದರು. ಜನರು ಕೂಗಿದ್ದು ಲುಕವೋನ್ಯ ಭಾಷೆಯಲ್ಲಿ. ಅಪೊಸ್ತಲರಿಗೆ ಅದು ಮೊದಲು ತಿಳಿಯಲಿಲ್ಲವೆಂದು ತೋರುತ್ತದೆ. (ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ಮರಾಠಿ, ದಖನಿ ಕೇಳುವ ನಮಗೆ ಇದು ಆಶ್ಚರ್ಯವಲ್ಲ.) ತಿಳಿದ ಕೂಡಲೆ ಬಟ್ಟೆಗಳನ್ನು ಹರಕೊಂಡು ಗುಂಪಿನೊಳಗೆ ನುಗ್ಗಿದರು. ಆಗ ಪೌಲನು ಏನು ಹೇಳಿದನು? ಯೆಹೂದ್ಯರ ಸಭಾಮಂದಿರದಲ್ಲಿ ಹೇಳುತ್ತಿದ್ದ ಹಾಗೆ ಅಬ್ರಹಾಮನ ಮಾತನ್ನಾಗಲಿ ದಾವೀದನ ಮಾತನ್ನಾಗಲಿ ಎತ್ತಲಿಲ್ಲ. ಮಳೆಯ ಮಾತೆತ್ತಿದನು. ಭೂಮಿ ಆಕಾಶಗಳನ್ನು ಉಂಟುಮಾಡಿದ ಜೀವಸ್ವರೂಪನು ನಿಮಗೂ ಮಳೆಬೆಳೆಗಳನ್ನು ಕೊಟ್ಟು ನಿಮ್ಮ ಹೃದಯಗಳನ್ನು ಅನ್ನದಿಂದಲೂ ಆನಂದದಿಂದಲೂ ತುಂಬಿಸಿ ತನ್ನ ವಿಷಯವಾಗಿ ಸಾಕ್ಷಿ ಕೊಡುತ್ತಾ ಬಂದಿದ್ದಾನೆಂಬದೇ ಅವನ ಮಾತಿನ ಸಾರ.

ಎಳ್ಳಮಾವಾಸ್ಯೆಯ ಹೊಲಕ್ಕೆ ಇದಕ್ಕಿಂತ ತಕ್ಕ ಪ್ರಸಂಗವು ಎಲ್ಲಿ ಸಿಕ್ಕೀತು? ಕೇಳಿದವರಿಗೆ, “ಗೌಡ್ರೇ, ಈ ಮಳಿ ಬೆಳಿ ಕೊಟ್ಟಾತಗ ನಾನೂ ಶರಣು ಮಾಡ್ತೀನ್ರಿ, ಆತ ಯಾರಂತ ಯೇಸುಸ್ವಾಮಿಯಿಂದ ಅರ್ತೀನ್ರಿ” ಎಂದರೆ ಅಷ್ಟೇ ಸಾಕು. ಪೇತ್ರನು ತನ್ನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ, ಕೇಳುವವರಿಗೆ ಸಾತ್ವಿಕತ್ವದಿಂದ ಉತ್ತರ ಕೊಡಬೇಕೆಂದು ಬುದ್ಧಿಹೇಳುತ್ತಾನೆ. ಕೇಳದೆ ಇದ್ದವರ ಬೆನ್ನು ಹತ್ತಿರೆಂದು ಅಲ್ಲಿ ಬರೆದಿಲ್ಲ.

ಊಟದ ವಿಷಯವನ್ನು ಅನೇಕರು ನಮಗೆ ಕೇಳುವದುಂಟು. 1 ಕೊರಿಂಥ 10ನೆಯ ಅಧ್ಯಾಯದ ಕಡೆಯ ಭಾಗವನ್ನು ನಿಧಾನವಾಗಿ ಓದಿರಿ. ನೆರೆಯವನು ಕರೆದರೆ ಹೋಗಬಹುದು, ಬಡಿಸಿದ್ದನ್ನು ವಿಚಾರಿಸದೆ ಉಣ್ಣಬಹುದು. ಇದು ನೈವೇದ್ಯವೆಂದು ಒಬ್ಬನು ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಗೋಸ್ಕರ ಬಿಡಬೇಕು. ಭಜ್ಜಿರೊಟ್ಟಿಯ ಸಾಲಿಗೆ ಕೂತವನು ಪೂಜೆಯ ಪ್ರಸಾದಕ್ಕೆ ಕೈಯೊಡ್ಡದೆ ಇರುವದು ಹೀಗೆ ಸಾಧ್ಯ. ಬಿಡುವಾಗಲೂ ಮುಖ ಸಿಂಡರಿಸದೆ, ನೀಡಿದ ತಾಯಿಗೆ ಒಂದು ಒಳ್ಳೇ ಮಾತು ಹೇಳಿ ಬಿಡಿರಿ.

ಪೌಲನ ಆ ಮಾತಿನಿಂದ ಜನರು ಯಜ್ಞ ಮಾಡದಂತೆ ತಡೆಯುವದೇ ಪ್ರಯಾಸವಾಯಿತು; ಆಮೇಲೆ ಅದೇ ಊರಲ್ಲಿ ಅವನಿಗೆ ಕಲ್ಲೇಟು ಬಿದ್ದವು. ಕೆಲಸ ಕೆಟ್ಟಿತೆಂದು ನೋಡಿದವರು ಹೇಳುತ್ತಿದ್ದರು. ಆದರೆ 16ನೆಯ ಅಧ್ಯಾಯಕ್ಕೆ ಬರುವಾಗ ಲುಸ್ತ್ರದಲ್ಲಿರುವ ಸಹೋದರರು ತಿಮೊಥೆಯನೆಂಬ ಯೌವನಸ್ಥನ ವಿಷಯವಾಗಿ ಒಳ್ಳೇ ಸಾಕ್ಷಿ ಹೇಳುತ್ತಿದ್ದಾರೆ.

ಫಿಲೆಮೋನನಿಗೆ ಬರೆದ ಪತ್ರಿಕೆಯ 6ನೆಯ ವಚನದಲ್ಲಿ ಇನ್ನೊಂದು ಮಾತುಂಟು. ನಂಬಿಕೆಯನ್ನು ಹಂಚಿಕೊಳ್ಳುವವನಲ್ಲಿಯೇ ಕ್ರಿಸ್ತನ ಒಳ್ಳೇದೆಲ್ಲದರ ತಿಳುವಳಿಕೆಯು ಬೆಳೆಯುವದೆಂಬ ಅರ್ಥವು ಅದರಲ್ಲಿ ತೋರುತ್ತದೆ. ಇದು ನಮ್ಮ ಸಭೆಗಳಲ್ಲಿ ಕಣ್ಣಾರೆ ಕಾಣುವ ಸಂಗತಿ. ಹತ್ತು ವರುಷ ಪ್ರಸಂಗ ಕೇಳಿದರೂ ವೇದಪುಸ್ತಕ ಬಿಚ್ಚದವನು, ನೆರೆಯವನ ಒಂದು ಪ್ರಶ್ನೆಗೆ ತಡವರಿಸಿ ಬಂದ ರಾತ್ರಿ ದೀಪವಿಟ್ಟುಕೊಂಡು ಅದನ್ನು ಬಿಚ್ಚುತ್ತಾನೆ. ಓದಲು ಬಾರದ ತಾಯಿಯು ಮಗಳನ್ನು ಕೂಡಿಸಿಕೊಂಡು ಓದಿಸುತ್ತಾಳೆ.

ಆದಕಾರಣ ಈ ಸಾರಿ ಹೊಲಕ್ಕೆ ಕರೆ ಬಂದವರು ಹೋಗಿ ಬನ್ನಿರಿ. ಅಲ್ಲಿ ಕೇಳಿದ್ದಕ್ಕೆ ಉತ್ತರ ತೋಚದಿದ್ದರೆ, “ಕೇಳಿಕೊಂಡು ಬಂದು ಹೇಳ್ತೀನ್ರಿ” ಎಂದು ಹೇಳಿ, ಆ ಪ್ರಶ್ನೆಯನ್ನು ಅವರು ಆಡಿದ ಮಾತಿನಲ್ಲಿಯೇ ಬರುವ ಭಾನುವಾರ ಆರಾಧನೆಗೆ ತನ್ನಿರಿ. ಆರಾಧನೆ ಮುಗಿದ ಮೇಲೆ ಎಲ್ಲರೂ ಕೂತು ವಚನದಲ್ಲಿ ಹುಡುಕೋಣ. ಸೋಮವಾರ ನೀವು ಅವರ ಮನೆಗೆ ಹೋಗಿ ಉತ್ತರ ಹೇಳಬೇಕಾಗಿದೆ.