ಬಲವಂತದ ವಿರತಿ

ಮೊಳಕಾಲ್ಮುರಿನ ರೇಷ್ಮೆ ಮಗ್ಗದಲ್ಲಿ ಕುಳಿತ ನೇಕಾರನನ್ನು ದಣಿವೇ ಎಬ್ಬಿಸುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಗೆ ಶೇಂಗಾ ಮೂಟೆ ಹೊರುವ ಹಮಾಲಿಗೆ ಬೆನ್ನೇ ಗಡಿಯಾರ. ಅದೇ ಮನೆಗಳ ಮಕ್ಕಳ ಕೈಯಲ್ಲಿರುವ ಮೊಬೈಲ್ ಆಟಕ್ಕಾದರೋ ಇಂಥ ತಡೆಯಿಲ್ಲ. ಬೆರಳಿಗೆ ಭಾರವಿಲ್ಲ, ಆಟಕ್ಕೆ ಕೊನೆಯಿಲ್ಲ. ಆದುದರಿಂದಲೇ ದೇಹವು ಕೊಡದ ದಣಿವನ್ನು ಯಂತ್ರವೇ ಕೊಡುವ ಏರ್ಪಾಡು ಹುಟ್ಟಿತು.

ಚೀನಾ ದೇಶವು 2007ರಲ್ಲಿ 18 ವರ್ಷ ತುಂಬದವರಿಗಾಗಿ ಇಂಥ ನಿಯಮವನ್ನು ತಂದಿತು: ಮೊದಲ 3 ಗಂಟೆ ಆಟದ ಗಳಿಕೆ ಪೂರ್ಣ, 5 ಗಂಟೆಯವರೆಗೆ ಅರ್ಧ, ಆಮೇಲೆ ಶೂನ್ಯ. 2021ರಲ್ಲಿ ಅದು ಬಿಗಿಯಾಗಿ, ಶುಕ್ರ, ಶನಿ, ಭಾನುವಾರ ಹಾಗೂ ರಜಾದಿನಗಳ ರಾತ್ರಿ 8ರಿಂದ 9ರವರೆಗೆ ಮಾತ್ರ ಅನುಮತಿ ಉಳಿಯಿತು. ಅದೇ ವರ್ಷ ಭಾರತದಲ್ಲಿ ಹೊರಬಂದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಆಟವೂ ಎಳೆಯರಿಗೆ ದಿನಕ್ಕೆ 3 ಗಂಟೆಯ ಮಿತಿಯನ್ನಿಟ್ಟಿತು.

ಇಂಥ ಮಿತಿಯೊಳಗೆ ನಿಂತವನನ್ನು ಸಂಯಮಿ ಎನ್ನಬಹುದೇ?

ತತ್ತ್ವಾರ್ಥಸೂತ್ರವು ದೇಶವ್ರತದ ಅತಿಚಾರಗಳನ್ನು ಎಣಿಸುವಾಗ, ತಾನು ಗೆರೆ ದಾಟದೆ ಆಚೆಯ ವಸ್ತುವನ್ನು ತರಿಸಿಕೊಳ್ಳುವುದು, ಆಳನ್ನು ಕಳುಹಿಸುವುದು, ಸದ್ದು ಮಾಡಿ ಸನ್ನೆ ಕೊಡುವುದು ಇವೆಲ್ಲವನ್ನೂ ಸೇರಿಸಿದೆ. ಕಾಲು ಒಳಗಿದ್ದು ಮನಸ್ಸು ಹೊರಗಿರುವ ಪರಿಯನ್ನು ಆಚಾರ್ಯರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು! ಮಿತಿ ಮುಗಿದೊಡನೆ ಅಪ್ಪನ ಹೆಸರಿನ ಖಾತೆಯಿಂದ ಆಡತೊಡಗುವ ಬಾಲಕನೂ ಅದೇ ದಾರಿ ಹಿಡಿದವನು. ಆದರೆ ಅವನದು ಅತಿಚಾರವೂ ಅಲ್ಲ. ವ್ರತವನ್ನೇ ಕೈಕೊಳ್ಳದವನಿಗೆ ವ್ರತದ ದೋಷವೆಲ್ಲಿಯದು?

ಹಾಗೆಂದು ಹೊರಗಿನ ತಡೆ ನಿಷ್ಫಲವೆನ್ನಲಾಗದು. ಸೆರೆಯಲ್ಲಿ ಸಿಕ್ಕಿ ಹಸಿವು ನೀರಡಿಕೆಗಳನ್ನು ಸಹಿಸುವವನ ದೃಷ್ಟಾಂತದಿಂದ ವ್ಯಾಖ್ಯಾನಕಾರರು ವಿವರಿಸುವ ಅಕಾಮನಿರ್ಜರೆಗೂ ಶಾಸ್ತ್ರದಲ್ಲಿ ಸ್ಥಾನವಿದೆ. ಬಯಸದೆ ಬಂದುದಾದರೂ ಶಾಂತವಾಗಿ ಸಹಿಸಿದರೆ ಅಲ್ಪ ಫಲವುಂಟು. ಆಟ ನಿಂತ ಗಳಿಗೆಯಲ್ಲಿ ಬಾಲಕನು ಕೆರಳದೆ ಎದ್ದು ಹೋದರೆ ಅಷ್ಟು ಲಾಭ ಅವನದೇ.

ತಡೆ ಒಡ್ಡಿದವನ ಭಾವವನ್ನೂ ನೋಡತಕ್ಕದ್ದು. ಕ್ಯಾಂಡಿ ಕ್ರಶ್ ಆಟದಲ್ಲಿ 5 ‘ಜೀವ’ಗಳು ತೀರಿದರೆ ಮತ್ತೊಂದಕ್ಕೆ ಅರ್ಧ ಗಂಟೆ ಕಾಯಬೇಕು, ಕಾಯಲಾರದವನು ಹಣ ತೆರಬಹುದು. ಇದು ವಿರಾಮವಲ್ಲ, ಹಸಿವನ್ನು ಹೆಚ್ಚಿಸಿ ಊಟ ಮಾರುವ ವ್ಯಾಪಾರ. (ಪಾರಣೆಯ ಹೊತ್ತನ್ನೇ ಎಣಿಸುತ್ತ ಉಪವಾಸ ಮಾಡುವವರಿಗೂ ಈ ಮಾತು ಸ್ವಲ್ಪ ತಾಗಬಹುದು.)

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನಗಳನ್ನು ಅವು ವಿಧಿಸುತ್ತವೆ. ಆ ಅರಸನೇ, ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ, ಧರ್ಮವು ಕಟ್ಟಳೆಯಿಂದ ಬೆಳೆದುದು ಕೊಂಚ, ಮನವೊಲಿಕೆಯಿಂದ ಬೆಳೆದುದೇ ಬಹಳವೆಂದು ಒಪ್ಪಿಕೊಂಡಿದ್ದಾನೆ. ಪ್ರಾಣಿವಧೆಗೆ ಕಟ್ಟಳೆ ಹಾಕಿದವನೇ ಹೀಗೆಂದುದು ಗಮನಾರ್ಹ. ಕಟ್ಟಳೆಗಳನ್ನಂತೂ ಅವನು ಅಲ್ಲಿ ಹಿಂತೆಗೆಯಲಿಲ್ಲ.

ಮಗ್ಗದ ಮನೆಯ ತಂದೆಯೊಬ್ಬನು ಮೊಬೈಲನ್ನು ಕಸಿದುಕೊಳ್ಳುವ ಬದಲು, “ಎಷ್ಟು ಹೊತ್ತು ಸಾಕು, ನೀನೇ ಹೇಳಪ್ಪ” ಎಂದು ಮಗನನ್ನು ಕೇಳಿದನೆನ್ನೋಣ. ಮಗನು ಒಂದು ಗಂಟೆ ಎಂದರೂ ಸರಿಯೆ, ಎರಡು ಎಂದರೂ ಸರಿಯೆ. ಮರುದಿನ ಅದನ್ನು ಮೀರಿದಾಗ, ಮುರಿದುದು ಯಂತ್ರದ ಮಿತಿಯಲ್ಲ, ತನ್ನ ಮಾತು ಎಂದು ಅವನಿಗೆ ತಿಳಿಯುತ್ತದೆ.